ಒಲೆಗಲ್ಲಿನ ಈಚೆ

ಬ್ರೂಕ್ ಕಾಟೇಜ್, ಪಿಲ್ಬರಿ
9 ಜನವರಿ 1974

ಪ್ರೀತಿಯ ಮೆರಿಯಲ್,

ನಿನ್ನ ಕ್ರಿಸ್‌ಮಸ್ ಕಾರ್ಡು ಬಂತು. ಅದರ ಮೇಲಿನ ರಾಬಿನ್ ಹಕ್ಕಿಗಿಂತ ಹಿಂದೆ ನೀನು ಗೀಚಿದ ಸಾಲುಗಳೇ ನನಗೆ ಹೆಚ್ಚು ಹಿಡಿಸಿದವು. ಕರೆಂಟು ಉಳಿಸಲು ಹೊಸ ವರ್ಷದಿಂದ ಕಾರ್ಖಾನೆ ವಾರಕ್ಕೆ ಮೂರೇ ದಿನ ನಡೆಯುತ್ತದಂತೆ, ಬಿಡುವಿರುತ್ತದೆ, ವಂಶವೃಕ್ಷ ಬರೆಯಬೇಕೆಂದಿದ್ದೇನೆ, ಹಿಂದಿನವರ ಹೆಸರು ಗೊತ್ತಿದ್ದಷ್ಟು ಕಳಿಸಿ ಅಂದಿದ್ದೀಯ. ಕರೆಂಟು ಕಿತ್ತುಕೊಂಡ ಸರ್ಕಾರ ನಿನಗೆ ಬಿಡುವು ಕೊಟ್ಟಿತು. ನಮಗೆ ಕೊಟ್ಟಿದ್ದು ಬರೀ ಮೇಣದಬತ್ತಿ.

ನನಗೆ ಗೊತ್ತಿರುವುದು ಇಷ್ಟು. ನಿಮ್ಮಪ್ಪ ಈನಕ್ ಮತ್ತು ನಾನು ಜಾಬ್ ಗಾಡ್ಸಲ್‌ನ ಮಕ್ಕಳು. ಜಾಬ್‌ನ ಅಪ್ಪ ಥಾಮಸ್, ಈ ಮನೆ ಹಿಡಿದವನು. ಥಾಮಸ್‌ನ ತಾಯಿ ಕೆಜಾಯಾ, ಪಿಲ್ಬರಿಯಲ್ಲೇ ಇದ್ದವಳು. ಕೆಜಾಯಾ ಯಾರು ಏನು ಅಂತ ಕೇಳಿದರೆ ನಮ್ಮಮ್ಮ ಬಾಣಲೆಯನ್ನು ಇನ್ನಷ್ಟು ಜೋರಾಗಿ ತಿಕ್ಕಲು ಶುರುಮಾಡುತ್ತಿದ್ದಳು. ಅದರಾಚೆ ನನಗೆ ತಿಳಿಯದು.

ನಿನಗೆ ಇದು ಹೊತ್ತು ಕಳೆಯುವ ಕೆಲಸ. ನಮಗೆ ಈಗ ಹಾಗಿಲ್ಲ. ಯಾಕೆಂದು ಹೇಳುತ್ತೇನೆ.

ಕಳೆದ ಗುರುವಾರ ಹೊಸ ಪಾದ್ರಿ ಟ್ರಿಗ್ ಬಂದಿದ್ದರು. ಕ್ರಾಯ್ಡನ್ ಕಡೆಯ ಹುಡುಗ, ಕೆಟ್ಟವನಲ್ಲ, ಕೆಸರಿನ ಬೂಟು ಹೊಸ್ತಿಲಲ್ಲೇ ಬಿಟ್ಟು ಬರುತ್ತಾರೆ. ನಿಮ್ಮಪ್ಪನ ಎದೆ ಈ ಚಳಿಗಾಲ ಪೂರ್ತಿ ಕೈಕೊಟ್ಟಿದೆ. ವಸಂತಕ್ಕೆ ಹಿತ್ತಲ ಡ್ಯಾಮ್ಸನ್ ಮರ ಹೂಬಿಡುವುದನ್ನು ನೋಡಿದರೆ ಹೆಚ್ಚು ಅಂತ ಡಾಕ್ಟರು ಅಂಗಳದಲ್ಲಿ ನಿಂತು ನನಗೆ ಹೇಳಿದ್ದಾರೆ. ನಿಮ್ಮಪ್ಪನಿಗೆ ಯಾರೂ ಹೇಳಿಲ್ಲ, ಅವನಿಗೆ ಗೊತ್ತು. ಮಂಚದಲ್ಲಿ ಒರಗಿಕೊಂಡು ಪಾದ್ರಿಗೆ ಹೇಳಿದ:

"ಲಿಡಿಯಾದು ಎರಡಾಳು ಆಳದ ಗುಂಡಿ. ಕೆಳಗೆ ಅವಳಿದಾಳೆ, ಮೇಲಿನ ಜಾಗ ನಂದು. ಹೆಚ್ಚು ಅಗೆಯೋ ಕೆಲಸ ಇಲ್ಲ ನಿಮ್ಮ ಹುಡುಗರಿಗೆ."

ಪಾದ್ರಿ ಟೊಪ್ಪಿಯನ್ನು ತಿರುಗಿಸುತ್ತಾ ಕೂತರು. "ಗಾಡ್ಸಲ್ ಅವರೇ, ಅದೇ ಮಾತಿಗೆ ಬಂದೆ. ನಮ್ಮ ಚರ್ಚ್ ಅಂಗಳ ತುಂಬ್ತಾ ಬಂದಿದೆ. ನಮ್ಮ ಎಲ್ಲೆಯೊಳಗೆ ವಾಸ ಇರೋರು, ಇಲ್ಲಾ ಎಲ್ಲೆಯೊಳಗೆ ಪ್ರಾಣ ಬಿಟ್ಟೋರು, ಇವರಿಗೆ ಮಾತ್ರ ಅಲ್ಲಿ ಹಕ್ಕು. ನಿಮ್ಮ ಮನೆ ಪಕ್ಕದ ಊರು ಕೋಲ್ಡ್ ಹ್ಯಾಡನ್‌ಗೆ ಸೇರಿದ್ದು. ಬಾಗಿಲು ಆ ಕಡೆ, ತೆರಿಗೆ ಆ ಕಡೆ, ಓಟು ಆ ಕಡೆ."

"ನಲವತ್ತು ವರ್ಷ ಆ ಅಂಗಳದಲ್ಲಿ ಗುಂಡಿ ತೋಡಿದೀನಿ. ಪಿಲ್ಬರಿಯೋರನ್ನ ಮಲಗಿಸಿದ್ದೇ ನಾನು. ನಂಗೇ ಜಾಗ ಇಲ್ವಾ?"

"ಹೋದ ವರ್ಷ ಕರ್ನಲ್ ಪೆಲ್ಹ್ಯಾಮ್‌ಗೆ ಇಲ್ಲ ಅಂದ್ವಿ. ಅವರ ಮನೆ ಎಲ್ಲೆಯಿಂದ ಒಂದು ಹೊಲದಾಚೆ. ಅವರ ಹೆಂಡತಿ ನನ್ನೆದುರು ಅತ್ತರು. ಅವರಿಗೊಂದು ನಿಮಗೊಂದು ಅಂತ ಹೇಗೆ ಮಾಡ್ಲಿ? ಬೇಕಾದರೆ ಸುಟ್ಟು ಬೂದಿಯನ್ನ ಗೋಡೆ ಪಕ್ಕ..."

"ನಾನೇನು ಕಲ್ಲಿದ್ದಲಾ?" ಅಂದ ನಿಮ್ಮಪ್ಪ.

ಹಳೆಯ ಪಾದ್ರಿ ಇದನ್ನೆಲ್ಲ ಎಂದೂ ಕೇಳಿದವರಲ್ಲ. ನಿನ್ನಮ್ಮ ಲಿಡಿಯಾಳನ್ನು ಅಲ್ಲಿ ಇಟ್ಟಾಗ ಯಾರೂ ಉಸಿರೆತ್ತಲಿಲ್ಲ. ಈಗ ಅವಳು ಅಲ್ಲಿ, ಇವನು ತೊರೆಯಾಚೆ ಹ್ಯಾಡನ್‌ನ ಅಪರಿಚಿತರ ನಡುವೆ ಎಂದಾಗುತ್ತದೆ. ಪಾದ್ರಿ ಹೋದ ಮೇಲೆ ಅವನು ಗಂಜಿ ಮುಟ್ಟಲಿಲ್ಲ.

ಹೆರೆಫರ್ಡ್‌ನ ದಾಖಲೆ ಕಚೇರಿಯಲ್ಲಿ ಹಳೆಯ ಚರ್ಚ್ ಪುಸ್ತಕಗಳಿವೆಯಂತೆ. ನಾವು ಪಿಲ್ಬರಿಯವರು ಎಂದು ತೋರಿಸುವಂಥದ್ದು ಏನಾದರೂ ಹುಡುಕಿಕೊಡು ಮಗಳೇ. ಬೇಗ.

ನಿನ್ನ ಸೋದರತ್ತೆ,
ಡಾರ್ಕಸ್


ಬರ್ಮಿಂಗ್‌ಹ್ಯಾಮ್
19 ಜನವರಿ 1974

ಪ್ರೀತಿಯ ಅತ್ತೆ,

ಹುಡುಕುತ್ತೇನೆ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ, ನಾನು ಹುಡುಕುವುದು ಅಮ್ಮನಿಗಾಗಿ. ಅವಳ ಮೇಲಿನ ಜಾಗ ಖಾಲಿ ಉಳಿಯಬಾರದು ಎಂದು.

ಅವಳು ಹೋದದ್ದು ನನಗೆ ತಿಳಿಯುವ ಹೊತ್ತಿಗೆ ಅವಳನ್ನು ಹೂಳಿ ಮುಗಿದಿತ್ತು. ಒಬ್ಬಳೇ ಮಗಳು ನಾನು. ಹನ್ನೊಂದು ವರ್ಷವಾಯಿತು, ಅಪ್ಪ ಇವತ್ತಿನವರೆಗೂ ಯಾಕೆ ಎಂದು ಹೇಳಿಲ್ಲ. ನಾನೂ ಕೇಳಿಲ್ಲ. ಕೇಳದೇ ಉತ್ತರ ಬರಬೇಕಾದ ಪ್ರಶ್ನೆ ಅದು.

ಈ ಕಾಗದವನ್ನು ಅವರಿಗೆ ಓದಿ ಹೇಳಬೇಡಿ.

ಮೆರಿಯಲ್


ಬ್ರೂಕ್ ಕಾಟೇಜ್, ಪಿಲ್ಬರಿ
29 ಜನವರಿ 1974

ಪ್ರೀತಿಯ ಮೆರಿಯಲ್,

ಓದಿ ಹೇಳಲಿಲ್ಲ. ಆದರೆ ಈ ಮನೆಯಲ್ಲಿ ಲಕೋಟೆ ಹರಿದ ಸದ್ದು ಎರಡು ಗೋಡೆಯಾಚೆ ಕೇಳುತ್ತದೆ.

"ಯಾರದ್ದೇ ಅದು?"

"ಮೆರಿಯಲ್‌ದು."

"ಏನಂತೆ?"

"ಬರ್ಮಿಂಗ್‌ಹ್ಯಾಮ್‌ನಲ್ಲಿ ಚಳಿಯಂತೆ."

"ಎರಡು ಪುಟ ಚಳಿನಾ?" ಅಂದ. ಆಮೇಲೆ ಗೋಡೆಗೆ ತಿರುಗಿ ಮಲಗಿದ.

ನೀನು ಮೊನ್ನೆ ಕಳಿಸಿದ ಚೀಟಿಯೂ ಬಂತು, ಮೊದಲ ದಿನ ಏನೂ ಸಿಗಲಿಲ್ಲ, ಮತ್ತೆ ಹೋಗುತ್ತೇನೆ ಅಂದದ್ದು. ಅದನ್ನು ಓದಿ ಹೇಳಿದೆ, ಅದರಲ್ಲಿ ಮುಚ್ಚಿಡುವಂಥದ್ದು ಇರಲಿಲ್ಲ. ಲಕೋಟೆಯನ್ನು ಕೊಡು ಅಂದ. ಅಂಚೆ ಮುದ್ರೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇದೆಲ್ಲಿಯ ಗುರುತೇ?" ಅಂತ ಕೇಳಿದ. ಹೆರೆಫರ್ಡ್ ಅಂದೆ.

"ಹೆರೆಫರ್ಡ್‌ವರೆಗೂ ಬಂದಿದ್ಲಾ?"

ಬುಧವಾರ ಮತ್ತು ಶನಿವಾರ ಅಲ್ಲಿಂದ ನಮ್ಮ ತಿರುವಿಗೆ ಬಸ್ಸಿದೆ ಎಂದು ನಿನಗೆ ಗೊತ್ತು. ಅವನಿಗೂ ಗೊತ್ತು. ನಾನು ಒಲೆಗೆ ಸೌದೆ ಹಾಕುವ ನೆಪದಲ್ಲಿ ಎದ್ದು ಬಂದೆ.

ಊರಿನಲ್ಲಿ ಮಾತು ಹಬ್ಬಿದೆ. ಅಂಚೆ ಕಚೇರಿಯಲ್ಲಿ ಒಬ್ಬಳು ನನಗೆ ಕೇಳುವಂತೆಯೇ ಹೇಳಿದಳು, ಹ್ಯಾಡನ್‌ನವರೆಲ್ಲ ಇಲ್ಲಿಗೇ ಬಂದು ಮಲಗಿದರೆ ನಮ್ಮವರು ಎಲ್ಲಿ ಹೋಗಬೇಕು ಅಂತ. ಅವಳ ಗಂಡನ ಗುಂಡಿ ತೋಡಿದವನು ನಿಮ್ಮಪ್ಪ, ಸುರಿಯುವ ಮಳೆಯಲ್ಲಿ, ನೀರು ಬಕೆಟ್ಟಿನಲ್ಲಿ ಎತ್ತಿ ಹಾಕುತ್ತಾ. ನಾನು ಅಂಚೆಚೀಟಿ ಕೊಂಡು ಸುಮ್ಮನೆ ಬಂದೆ. ಬಾಯಿಬಿಟ್ಟಿದ್ದರೆ ಚೀಟಿಯ ಜೊತೆ ಇನ್ನೇನಾದರೂ ಕೊಟ್ಟು ಬರುತ್ತಿದ್ದೆ.

ಅವನು ಈಗ ಕುರ್ಚಿಯವರೆಗೂ ಬರುವುದಿಲ್ಲ.

ದಾರಿ ನೋಡುತ್ತಾ,
ಡಾರ್ಕಸ್ ಅತ್ತೆ


ಬರ್ಮಿಂಗ್‌ಹ್ಯಾಮ್
8 ಫೆಬ್ರವರಿ 1974

ಪ್ರೀತಿಯ ಅತ್ತೆ,

ಕೆಟ್ಟ ಸುದ್ದಿ. ನನ್ನಿಂದಲೇ ಇನ್ನಷ್ಟು ಕೆಟ್ಟಿದೆ.

ಪಿಲ್ಬರಿಯ ಪುಸ್ತಕಗಳಲ್ಲಿ ಥಾಮಸ್‌ನ ಹುಟ್ಟು ಎಲ್ಲೂ ಇಲ್ಲ. ಹ್ಯಾಡನ್‌ನದರಲ್ಲಿ ಸಿಕ್ಕಿತು. 1829, 'ಥಾಮಸ್, ಮದುವೆಯಾಗದ ಕೆಜಾಯಾ ಗಾಡ್ಸಲ್‌ಳ ಮಗ'. ಅಷ್ಟೇ. ನಮ್ಮವರ ಹೆಸರು ಅಷ್ಟು ಹಳೆಯ ಶಾಯಿಯಲ್ಲಿ ಕಂಡದ್ದಕ್ಕೆ ನನಗೆ ಎಷ್ಟು ಖುಷಿಯಾಯಿತೆಂದರೆ, ನಾವು ಈ ನೆಲದವರು ಎಂಬುದಕ್ಕೆ ಇದಕ್ಕಿಂತ ಬೇರೆ ಬೇಕೇ ಎಂದು ಅಂದೇ ನಕಲು ಮಾಡಿ ಪಾದ್ರಿ ಟ್ರಿಗ್ ಅವರಿಗೆ ಕಳಿಸಿಬಿಟ್ಟೆ. ಯಾವ ಚರ್ಚ್ ಎನ್ನುವುದರ ಅರ್ಥ ರೈಲಿನಲ್ಲಿ ಕೂತ ಮೇಲೆ ಹೊಳೆಯಿತು.

ಅವರ ಉತ್ತರ ಇವತ್ತು ಬಂತು. ಸೌಜನ್ಯದಿಂದಲೇ ಬರೆದಿದ್ದಾರೆ. ಮನೆ ಮಾತ್ರವಲ್ಲ, ಕುಟುಂಬವೂ ಮೂಲದಿಂದ ಹ್ಯಾಡನ್‌ನದೇ ಎಂದು ಇದರಿಂದ ತೋರುತ್ತದೆ, ಕ್ಷಮಿಸಬೇಕು, ಎಂದಿದ್ದಾರೆ.

ಅಪ್ಪನಿಗೆ ಹೇಳಬೇಕೋ ಬೇಡವೋ ನೀವೇ ನಿರ್ಧರಿಸಿ. ಆದರೆ ಅತ್ತೆ, ಪಿಲ್ಬರಿಯಲ್ಲೇ ಇದ್ದ ಹೆಂಗಸು ಮಗುವನ್ನು ಹ್ಯಾಡನ್‌ನಲ್ಲಿ ಯಾಕೆ ಹೆತ್ತಳು?

ತಪ್ಪು ಮಾಡಿದ ನಿಮ್ಮ
ಮೆರಿಯಲ್


ಬ್ರೂಕ್ ಕಾಟೇಜ್, ಪಿಲ್ಬರಿ
14 ಫೆಬ್ರವರಿ 1974

ಪ್ರೀತಿಯ ಮೆರಿಯಲ್,

ಈ ಸಲ ಓದಿ ಹೇಳಿದೆ, ಪೂರ್ತಿ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಸೂರು ನೋಡುತ್ತಾ ಮಲಗಿದ್ದವನು, "ಹಾಗಾದ್ರೆ ಅವಳಿಗೆ ಸಿಕ್ಬಿಟ್ಟಿತು," ಅಂದ. ಆಮೇಲೆ ಒಂದೊಂದು ಮಾತಿಗೂ ಉಸಿರು ತಗೊಂಡು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಥಾಮಸ್ ತಾತ ಇದನ್ನು ಅವನೊಬ್ಬನಿಗೇ ಹೇಳಿದ್ದನಂತೆ. ಹೆಂಗಸರಿಗೆ ಹೇಳಬೇಡ ಅಂದಿದ್ದನಂತೆ. ಇಷ್ಟು ವರ್ಷ ನಾನು ಇದೇ ಮನೆಯಲ್ಲಿ ರೊಟ್ಟಿ ಸುಟ್ಟಿದ್ದೇನೆ!

"ಕೆಜಾಯಾಗೆ ಗಂಡ ಇರ್ಲಿಲ್ಲ. ಮಗು ಇಲ್ಲಿ ಹುಟ್ಟಿದ್ರೆ ಅದನ್ನ ಸಾಕೋ ಹೊರೆ ಪಿಲ್ಬರಿ ಮೇಲೆ. ಆಗಿನ ಕಾನೂನು ಹಂಗಿತ್ತು. ನೋವು ಶುರುವಾಗಿದ್ದೇ ತಡ, ಊರಿನ ದೊಡ್ಡೋರು ನಾಲ್ಕು ಜನ ಬಂದ್ರು. ಕುರಿದೊಡ್ಡಿಯ ತಟ್ಟಿ ಕಿತ್ತು, ಅದರ ಮೇಲೆ ಅವಳನ್ನ ಮಲಗಿಸಿ, ಹೊತ್ಕೊಂಡು ತೊರೆ ದಾಟಿಸಿದ್ರು. ಆ ಕಡೆ ದಾರಿಯಲ್ಲಿ ಇಳಿಸಿ ತಟ್ಟಿ ವಾಪಸ್ ತಗೊಂಡು ಬಂದ್ರು. ಬೇಲಿ ಬುಡದಲ್ಲಿ ಹುಟ್ಟಿದ ತಾತ. ಅವಳು ಕೂಗಾಡಿದ್ದು ಏನು ಗೊತ್ತಾ? ಇಳಿಸಿ, ಬೇಕಾದ್ರೆ ನಡ್ಕೊಂಡು ಹೋಗ್ತೀನಿ, ಹೊರಬೇಡಿ ಅಂತ."

ಅವನಿಗೆ ನೀರು ಕುಡಿಸಿದೆ. ಆಮೇಲೆ ಕೇಳಿದೆ, "ಹಾಗಾದ್ರೆ ತಾತ ಈ ಮನೆ ಯಾಕೆ ಹಿಡಿದ?"

"ಎರಡು ಊರಿನ ಗೆರೆ ಇದರ ಮಧ್ಯೆ ಹೋಗುತ್ತೆ, ಅದಕ್ಕೇ. ನಾವೆಲ್ಲ ಎಲ್ಲಿ ಹುಟ್ಟಿದ್ದು ಹೇಳು?"

ಮೆರಿಯಲ್, ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ನಾವೆಲ್ಲ ಹುಟ್ಟಿದ್ದು ಅಡುಗೆಮನೆಯಲ್ಲಿ. ಪಾತ್ರೆ ಬೀರುವಿನ ಪಕ್ಕ. ಅಪ್ಪ, ನಾವಿಬ್ಬರು, ನೀನು ಕೂಡ. ನಿನ್ನಮ್ಮ ನೋವಿನಲ್ಲಿ ಹಾಸಿಗೆ ಬಿಟ್ಟು ಏಳುವುದಿಲ್ಲ ಅಂದಾಗ, ನಮ್ಮಮ್ಮ ಬೈದು ಎಬ್ಬಿಸಿ ಅಡುಗೆಮನೆಗೆ ನಡೆಸಿಕೊಂಡು ಬಂದಿದ್ದು ನಾನು ಕಣ್ಣಾರೆ ಕಂಡದ್ದು. ಒಲೆಯ ಬಿಸಿಗಾಗಿ ಅಂದುಕೊಂಡಿದ್ದೆ. ಬಿಸಿಗಲ್ಲ. ಮಲಗುವ ಕೋಣೆ ಹ್ಯಾಡನ್‌ದು, ಅಡುಗೆಮನೆ ಪಿಲ್ಬರಿಯದು!

"ಒಲೆಗಲ್ಲಿನ ಮೇಲೆ ಗುರುತಿದೆ," ಅಂದ. "ನಮ್ಮ ಕಾಲದಲ್ಲಿ ವಸಂತದಲ್ಲಿ ಎಲ್ಲೆ ಸುತ್ತೋರು. ಊರಿಗೆ ಊರೇ ವಿಲ್ಲೋ ಕಡ್ಡಿ ಹಿಡ್ಕೊಂಡು ಗಡಿಯುದ್ದಕ್ಕೂ ನಡೀತಿತ್ತು. ಒಂದೊಂದು ಗಡಿಗಲ್ಲು ಬಂದಾಗಲೂ ಒಬ್ಬ ಹುಡುಗನನ್ನ ಎತ್ತಿ ಅಂಡು ಕುಟ್ಟೋರು, ಸಾಯೋವರೆಗೂ ಜಾಗ ಮರೀಬಾರದು ಅಂತ. ನಂಗೆ ಒಂಬತ್ತು. ಈ ಮನೆ ಕಿಟಕಿಯಿಂದ ಒಳಗೆ ನುಗ್ಗಿ, ನನ್ನ ನಮ್ಮ ಒಲೆಗಲ್ಲಿನ ಮೇಲೇ ಕುಟ್ಟಿದ್ರು. ಅಮ್ಮ ಪಕ್ಕದಲ್ಲೇ ನಿಂತು ನಗ್ತಿದ್ಲು. ತಲೆ ಮರೆತರೂ ಅಂಡು ಮರೆತಿಲ್ಲ."

ಒಲೆಗಲ್ಲು ನಿನಗೆ ನೆನಪಿದೆಯಲ್ಲ, ಹೊಗೆಗೂಡಿನ ಕೆಳಗಿನಿಂದ ಕೋಣೆಯ ಬಾಗಿಲಿನವರೆಗೂ ಚಾಚಿದ ಚಪ್ಪಡಿ. ಚಿಂದಿಯ ಚಾಪೆ ಎತ್ತಿ ಉಜ್ಜಿದೆ. ಬಾಗಿಲ ಬುಡದಲ್ಲೇ ಉಳಿಯಲ್ಲಿ ಕೊರೆದ ಶಿಲುಬೆ, ಅದರಿಂದ ಎರಡೂ ಕಡೆಗೆ ಒಂದು ಗೀಟು.

ಆಗ ಪಾದ್ರಿಯ ಮಾತು ನೆನಪಾಯಿತು. ಎಲ್ಲೆಯೊಳಗೆ ವಾಸ ಇರೋರು, ಇಲ್ಲಾ ಎಲ್ಲೆಯೊಳಗೆ ಪ್ರಾಣ ಬಿಟ್ಟೋರು. ಅವನ ಮಂಚವನ್ನು ಅಡುಗೆಮನೆಗೆ ತಂದರೆ ಸಾಕು!

ಮರುದಿನ ಪಕ್ಕದ ತೋಟದ ಇಬ್ಬರು ಗಟ್ಟಿ ಆಳುಗಳನ್ನು ಕರೆತಂದೆ. ಹಾಸಿಗೆ ಸಮೇತ ಎತ್ತೋಣ ಅಂದರು. ನಿಮ್ಮಪ್ಪ ಮಂಚದ ಕಂಬ ಹಿಡಿದುಕೊಂಡ. ಬೆರಳು ಬೆಳ್ಳಗಾಗಿತ್ತು.

"ಹೊರಬೇಡಿ! ನಮ್ಮ ಮನೆಯವರನ್ನ ಒಂದ್ಸಲ ಹೊತ್ತಾಯ್ತು. ಹೋದ್ರೆ ನಡ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಇಲ್ಲೇ."

ಆಳುಗಳು ನನ್ನ ಮುಖ ನೋಡಿದರು. ವಾಪಸ್ ಕಳಿಸಿದೆ. ನಡೆಯುವ ಶಕ್ತಿ ಅವನಿಗೆ ಇಲ್ಲ, ಮೆರಿಯಲ್.

ಡಾರ್ಕಸ್ ಅತ್ತೆ


ಬರ್ಮಿಂಗ್‌ಹ್ಯಾಮ್
20 ಫೆಬ್ರವರಿ 1974

ಪ್ರೀತಿಯ ಅತ್ತೆ,

ನಿದ್ದೆಯಲ್ಲಿದ್ದಾಗ ಸರಿಸಿಬಿಡಿ. ಎದ್ದ ಮೇಲೆ ಬೈದುಕೊಳ್ಳಲಿ. ಇಷ್ಟು ಹತ್ತಿರ ಬಂದು ಹಟಕ್ಕಾಗಿ ಕಳೆದುಕೊಳ್ಳುವುದೇ?

ಇನ್ನೊಂದು ಮಾತು. ಒಬ್ಬ ಗಾಡ್ಸಲ್ ಮಾತ್ರ 'ಗೆರೆ ಇಲ್ಲಿದೆ' ಎಂದರೆ ಪಾದ್ರಿ ಒಪ್ಪಲಾರರು. ಮಾರುಕಟ್ಟೆಯಲ್ಲಿ ಸಿಗುವ ನಕ್ಷೆಯನ್ನು ನೋಡಿದೆ. ಅದರಲ್ಲಿ ಎಲ್ಲೆಯ ಗೆರೆಯೇ ನಮ್ಮ ಮನೆಯಷ್ಟು ದಪ್ಪ. ಆ ಕಡೆಯವರು ಯಾರಾದರೂ ಹೇಳಬೇಕು. ಹ್ಯಾಡನ್ ಚರ್ಚಿನ ಮೊಕ್ತೇಸರ ಈಗಲೂ ಸೆತ್ ಬಫ್ಟನ್ ಅವರೇ ತಾನೇ? ಅಪ್ಪನೂ ಅವರೂ ಮಾತು ಬಿಟ್ಟವರು ಎಂದು ಗೊತ್ತು. ಆದರೂ ಕೇಳಿ.

ಅಪ್ಪ ಅಷ್ಟು ಹಳೆಯ ಕಥೆ ಹೇಳಿದರಲ್ಲ, ಬಾಯಿ ತೆರೆದದ್ದೇ ಆಯಿತು. ಹಾಗಾದರೆ ನನ್ನದನ್ನೂ ಒಂದೇ ಒಂದು ಸಲ ಕೇಳಿ ನೋಡಿ. 1963ರಲ್ಲಿ ನನಗೆ ಯಾಕೆ ಹೇಳಿಕಳಿಸಲಿಲ್ಲ?

ಮೆರಿಯಲ್


ಬ್ರೂಕ್ ಕಾಟೇಜ್, ಪಿಲ್ಬರಿ
27 ಫೆಬ್ರವರಿ 1974

ಪ್ರೀತಿಯ ಮೆರಿಯಲ್,

ನಿದ್ದೆಯಲ್ಲಿ ಸರಿಸುವುದಿಲ್ಲ. ಅವನು ಎದ್ದಾಗ ನನ್ನನ್ನು ನೋಡುವ ನೋಟವನ್ನು ನೀನಲ್ಲ, ನಾನು ಎದುರಿಸಬೇಕು.

ಸೆತ್ ಸೋಮವಾರ ಬಂದ. ಪಾದ್ರಿಯನ್ನೂ ಅದೇ ಹೊತ್ತಿಗೆ ಕರೆಸಿದ್ದೆ. ಸೆತ್ ಮುಂಬಾಗಿಲಲ್ಲೇ ಕೋಲೂರಿ ನಿಂತ. ಮಲಗುವ ಕೋಣೆಯ ಬಾಗಿಲು ತೆರೆದೇ ಇತ್ತು, ಮಂಚ ಅವನಿಗೆ ಕಾಣುತ್ತಿತ್ತು.

"ಇದಾನಾ ಇನ್ನೂ?" ಅಂದ ನನಗೆ.

"ಅವನನ್ನೇ ಕೇಳು."

"ನಾನು ಅವನ ಜೊತೆ ಮಾತಾಡಲ್ಲ. ನೀನೇ ಹೇಳು ಅವನಿಗೆ, ಮೂವತ್ತೆಂಟರ ಮ್ಯಾಚಲ್ಲಿ ಆ ಚೆಂಡು ನನ್ನ ಬ್ಯಾಟಿಗೆ ತಗಲಿತ್ತು ಅಂತ."

ಮಂಚದಿಂದ ಉತ್ತರ ಬಂತು, ಈ ವಾರದಲ್ಲೇ ಗಟ್ಟಿಯಾದ ದನಿ: "ಕಾಲಿಗೆ!"

"ಬ್ಯಾಟಿಗೆ!"

"ಅಂಪೈರ್ ನಾನಾ ನೀನಾ? ಕಾಲಿಗೆ ತಗಲಿತ್ತು, ನೀನು ಔಟು!"

ಪಾದ್ರಿ ಚಹದ ಕಪ್ಪು ಹಿಡಿದು ಒಬ್ಬರ ಮುಖದಿಂದ ಇನ್ನೊಬ್ಬರ ಮುಖ ನೋಡುತ್ತಿದ್ದರು. ನಾನು ಚಾಪೆ ಎತ್ತಿ ಗೀಟು ತೋರಿಸಿದೆ. ಸೆತ್ ಬಗ್ಗಿ, ಕೋಲಿನ ತುದಿಯಲ್ಲಿ ಶಿಲುಬೆಯನ್ನು ಕೆರೆದು ನೋಡಿದ.

"ಇದೇ. ಅಡುಗೆಮನೆ ನಿಮ್ಮದು ಪಾದ್ರಿಗಳೇ, ಕೋಣೆ ನಮ್ಮದು. ಅವತ್ತು ಎರಡೂ ಊರು ಒಟ್ಟಿಗೇ ಬಂದಿತ್ತು. ಆ ಕಡೆ ನಿಮ್ಮೋರು ಇವನನ್ನ ಕುಟ್ಟಿದ್ರು, ಈ ಕಡೆ ನಮ್ಮೋರು ನನ್ನ ಕುಟ್ಟಿದ್ರು. ಇವನು ಅತ್ತ. ನಾನು ಅಳಲಿಲ್ಲ."

"ಸುಳ್ಳ! ಮೊದಲು ಅತ್ತೋನು ನೀನು!"

"ಎಲ್ಲಿ ಬೇಕಾದ್ರೂ ರುಜು ಹಾಕ್ತೀನಿ," ಅಂದ ಸೆತ್ ಪಾದ್ರಿಗೆ. "ನಮ್ಮ ಅಂಗಳದಲ್ಲಿ ಜಾಗ ಬೇಕಾದಷ್ಟಿದೆ. ಆದ್ರೆ ಇವನು ನಮಗೆ ಬೇಡ. ಪಕ್ಕದಲ್ಲಿ ಮಲಗಿ ಕಾಲು ಕಾಲು ಅಂತಿದ್ರೆ ನಾನು ಕೊನೇ ದಿನದವರೆಗೆ ಹೆಂಗೆ ಸಹಿಸ್ಲಿ?"

ಪಾದ್ರಿ ನಗಲಿಲ್ಲ. ಮಂಡಿಯೂರಿ ಕೂತು ಆ ಗೀಟಿನ ಮೇಲೆ ಬೆರಳಾಡಿಸಿದರು. ಎದ್ದು ಹೇಳಿದರು, "ಒಪ್ಪಿದೆ. ಗೆರೆಯ ಅಡುಗೆಮನೆ ಕಡೆ ತೀರಿಹೋದರೆ ಅದು ಹಕ್ಕು, ನನ್ನ ದಯೆ ಬೇಕಿಲ್ಲ, ಮಿಸೆಸ್ ಪೆಲ್ಹ್ಯಾಮ್‌ಗೂ ಅದನ್ನೇ ಹೇಳ್ತೀನಿ. ಆದರೆ ಮಿಸ್ ಗಾಡ್ಸಲ್, ಕೋಣೆಯಲ್ಲಿ ಪ್ರಾಣ ಹೋದ ಮೇಲೆ ಅಡುಗೆಮನೆಗೆ ಸರಿಸಿ ನನ್ನನ್ನ ಕರೀಬೇಡಿ. ನಿಮ್ಮನ್ನ ಕೇಳೇ ಕೇಳ್ತೀನಿ. ನೀವು ಸುಳ್ಳು ಹೇಳೋರಲ್ಲ, ಆ ಕಷ್ಟ ತಂದ್ಕೋಬೇಡಿ."

ನಿನ್ನೆ ಪ್ರಯತ್ನ ಮಾಡಿದ. ಕಾಲು ಕೆಳಗಿಟ್ಟ. ನನ್ನ ಸೊಂಟ ನಿನಗೆ ಗೊತ್ತಲ್ಲ, ಹಿಡಿಯಲಾಗಲಿಲ್ಲ, ಇಬ್ಬರೂ ಮಂಚಕ್ಕೆ ಒರಗಿ ಕೂತೆವು. ಸೆತ್‌ಗೆ ಒಂದೇ ಭುಜ ಆಡುತ್ತದೆ, ಒಂದು ಕಡೆ ಹಿಡಿಯಬಲ್ಲ. ಇನ್ನೊಂದು ಕಡೆಗೆ ಪಾದ್ರಿಯನ್ನು ಕರೆಯಲೇ ಅಂದೆ. "ತೀರ್ಪು ಕೊಡೋನು ಆಟಕ್ಕಿಳಿಯೋ ಹಾಗಿಲ್ಲ," ಅಂದ. ತೋಟದ ಆಳುಗಳೂ ಬೇಡವಂತೆ, ಹೊರುವವರ ಕೈ ಅಂತೆ ಅವು. ಹಾಗಾದರೆ ಯಾರು ಬೇಕು ಅಂದೆ. ಕಿಟಕಿಯಾಚೆ ಬಸ್ಸು ನಿಲ್ಲುವ ತಿರುವಿನ ಕಡೆ ನೋಡಿದ.

ನಿನ್ನ ಪ್ರಶ್ನೆ ಕೇಳಿದೆ. ಕಣ್ಣು ಮುಚ್ಚಿಕೊಂಡ. ಅವನು ಹೇಳದ್ದನ್ನು ನಾನು ಹೇಳುವವಳಲ್ಲ. ಆದರೆ ನಿನಗೂ ಗೊತ್ತಿರುವುದನ್ನೇ ನೆನಪಿಸಬಹುದಲ್ಲ. ಆ ಚಳಿಗಾಲ ದಾರಿಗಳು ಹಿಮದಲ್ಲಿ ಹೂತಿದ್ದವು, ತಂತಿಗಳು ಕಡಿದಿದ್ದವು. ನಾನು ಸೊಂಟ ಮುರಿದು ಹೆರೆಫರ್ಡ್ ಆಸ್ಪತ್ರೆಯಲ್ಲಿದ್ದೆ. ನೆಲ ಕಬ್ಬಿಣದಂತಿತ್ತು. ಬೇರೆ ಊರುಗಳಲ್ಲಿ ಹೆಣಗಳು ವಾರಗಟ್ಟಲೆ ಕಾದವು. ಅವನು ಯಾರನ್ನೂ ಹತ್ತಿರ ಸೇರಿಸದೆ, ಬೆಂಕಿ ಹಾಕಿ ಹಾಕಿ ಮಣ್ಣು ಕರಗಿಸಿ, ಎರಡಾಳು ಆಳ ತೋಡಿದ. ಅದಾದ ಮೇಲೆ ನಾನು ಮನೆಗೆ ಬಂದೆ. ನಾನು ಬಂದ ದಿನವೇ ನಿನಗೆ ಕಾಗದ ಹೋಯಿತು.

ನೀನು ಮನೆ ಬಿಟ್ಟಂದಿನಿಂದ ಇಲ್ಲಿಂದ ನಿನಗೆ ಬಂದ ಕಾಗದಗಳನ್ನೆಲ್ಲ ಇಟ್ಟಿದ್ದೀಯ ಅಂದಿದ್ದೆ. ಒಮ್ಮೆ ಹರಡಿ ನೋಡು. ನಿನ್ನಮ್ಮನ ಕೈಬರಹವಿದೆ. ನನ್ನದಿದೆ. ಮೂರನೆಯದು ಯಾವುದಾದರೂ ಇದೆಯೇ?

ನಾಳೆ ಚುನಾವಣೆ. ಈನಕ್‌ನ ಓಟು ಹ್ಯಾಡನ್‌ನಲ್ಲಿ ಖಾಲಿ ಉಳಿಯುತ್ತದೆ. ಅವನ ತುಟಿ ಇವತ್ತು ಬೆಳಿಗ್ಗೆಯಿಂದ ನೀಲಿಯಾಗಿದೆ. ಮುಂದಿನ ಬಸ್ಸು ಶನಿವಾರ.

ಡಾರ್ಕಸ್


ಬರ್ಮಿಂಗ್‌ಹ್ಯಾಮ್
28 ಫೆಬ್ರವರಿ 1974

ಅತ್ತೆ,

ಹರಡಿ ನೋಡಿದೆ. ಎರಡೇ ಕೈಬರಹ, ಅಪ್ಪನದು ಒಂದಕ್ಷರವೂ ಇಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಯಾರೂ ಅವರನ್ನು ಹೊರಬೇಡಿ.

ಮೆರಿಯಲ್


ಬ್ರೂಕ್ ಕಾಟೇಜ್, ಪಿಲ್ಬರಿ
9 ಏಪ್ರಿಲ್ 1974

ಪ್ರೀತಿಯ ಮೆರಿಯಲ್,

ನೀನು ಹೋದ ಮೇಲೆ ಮನೆ ದೊಡ್ಡದಾಗಿದೆ. ನಿನ್ನ ಕೈವಸ್ತ್ರ ಬೀರುವಿನ ಹಿಂದೆ ಸಿಕ್ಕಿತು, ಒಗೆದು ಇದರ ಜೊತೆ ಇಟ್ಟಿದ್ದೇನೆ.

ಈ ತಿಂಗಳ ಮೊದಲ ತಾರೀಖಿನಿಂದ ನಮ್ಮ ಜಿಲ್ಲೆಯೇ ಇಲ್ಲವಂತೆ, ಪಕ್ಕದ್ದರ ಜೊತೆ ಸೇರಿಸಿ ಲಂಡನ್ನಿನವರು ಹೊಸ ಗೆರೆ ಎಳೆದಿದ್ದಾರೆ. ಸೆತ್ ಬಂದು ಹೇಳಿದ, "ಈನಕ್ ಸರಿಯಾದ ಹೊತ್ತಿಗೆ ಹೋದ. ಇಲ್ಲದಿದ್ರೆ ಅವರನ್ನೂ ಕರೆದು ಒಲೆಗಲ್ಲಿನ ಮೇಲೆ ಕುಟ್ಟಿಸ್ತಿದ್ದ." ಅವನು ಈಗ ವಾರಕ್ಕೆರಡು ಸಲ ಬರುತ್ತಾನೆ. ಜಗಳಕ್ಕೆ ಜನ ಇಲ್ಲ ಅಂತ ಗೊಣಗುತ್ತಾ ನನ್ನ ಕೇಕು ತಿನ್ನುತ್ತಾನೆ.

ಆ ಶನಿವಾರದ್ದು ಒಂದು ಸಂಗತಿ ನಿನಗೆ ಹೇಳಬೇಕು. ನೀನು ಅವನ ಎಡಗೈ ನಿನ್ನ ಕುತ್ತಿಗೆಗೆ ಸುತ್ತಿಕೊಂಡು ನೆಲ ನೋಡುತ್ತಾ ನಡೆಸುತ್ತಿದ್ದೆ, ಅವನ ಪಾದ ಎಲ್ಲಿ ಬೀಳುತ್ತದೋ ಅಂತ. ನಿನಗೆ ಅವನ ಮುಖ ಕಾಣಲಿಲ್ಲ. ನಾನು ಅಡುಗೆಮನೆಯಲ್ಲಿ ಎದುರಿಗೆ ನಿಂತಿದ್ದೆ, ನನಗೆ ಕಂಡಿತು. ಬಾಗಿಲಲ್ಲಿ ಅವನು ನಿಂತುಬಿಟ್ಟಾಗ ನೀನು, ಬಲಗಡೆ ಹಿಡಿದಿದ್ದ ಸೆತ್, ಇಬ್ಬರೂ ಉಸಿರು ಕಟ್ಟಿತು ಅಂದುಕೊಂಡಿರಿ. ನಾನೂ ಹೆದರಿದೆ, ಅಲ್ಲೇ, ಹ್ಯಾಡನ್‌ನಲ್ಲೇ ಮುಗಿಯಿತು ಅಂತ. ಅಲ್ಲ. ಅವನು ನಿನ್ನ ತಲೆಯ ಬೈತಲೆಯನ್ನು ನೋಡುತ್ತಿದ್ದ. ಅಲ್ಲಿ ನರೆ ಬಂದಿದೆಯಲ್ಲ ನಿನಗೆ. ಅದನ್ನೇ ನೋಡುತ್ತಾ ನಿಂತ. ಆಮೇಲೆ ಕಾಲೆತ್ತಿ ಗೀಟು ದಾಟಿದ.

ಸೆತ್ ಆಡುವ ಕೈಯನ್ನು ಬಿಡಿಸಿಕೊಂಡು, ಅಂಪೈರ್ ಹಾಗೆ ಎರಡೂ ಕಡೆ ತಲೆಯಾಡಿಸಿ "ನಾಟ್ ಔಟ್" ಅಂದಾಗ ನಿಮ್ಮಪ್ಪ ನಕ್ಕನಲ್ಲ, ನೀನು ಅಳುತ್ತಿದ್ದೆ, ಕೇಳಿಸಿತೋ ಇಲ್ಲವೋ. "ನೋಡು, ಸರಿಯಾದ ತೀರ್ಪು ಹೇಳೋಕೆ ಬರುತ್ತೆ ಇವನಿಗೂ," ಅಂದ.

ಆಮೇಲಿನ ದಿನಗಳು ನಿನ್ನವು. ನೀವಿಬ್ಬರೂ ಬೀರುವಿನ ಪಕ್ಕ ಕೂತು ಏನು ಮಾತಾಡಿದಿರಿ ಅಂತ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಕೋಳಿಗಳಿಗೆ ಕಾಳು ಹಾಕಲು ಅಷ್ಟು ಹೊತ್ತು ಬೇಕಿರಲಿಲ್ಲ ನನಗೆ, ನಿನಗದು ಗೊತ್ತು. ನೀನು ಮುರಿದು ತಂದು ಜಾಡಿಯಲ್ಲಿಟ್ಟ ಡ್ಯಾಮ್ಸನ್ ಕೊಂಬೆ ಒಲೆಯ ಬಿಸಿಗೆ ಮೊದಲೇ ಬಿರಿಯಿತು. ಹೊರಗೆ ಮರದಲ್ಲಿ ಮೊಗ್ಗೂ ಕಾಣದಿದ್ದಾಗ ಅವನು ಹೂ ನೋಡಿಕೊಂಡು ಹೋದ. ಮರದ ಮಟ್ಟಿಗೆ ಡಾಕ್ಟರು ಹೇಳಿದ್ದು ನಿಜವಾಯಿತು ಅನ್ನಬೇಕು.

ಪಾದ್ರಿ ಟ್ರಿಗ್ ಮೇ ತಿಂಗಳಲ್ಲಿ ಮತ್ತೆ ಎಲ್ಲೆ ಸುತ್ತಿಸುತ್ತಾರಂತೆ. ಕಿಟಕಿಯಿಂದಲೇ ಒಳಗೆ ಬರುತ್ತೇವೆ, ಆಗಬಹುದೇ ಅಂತ ಕೇಳಿದರು. ಬನ್ನಿ ಅಂದೆ. ಯಾರನ್ನು ಕುಟ್ಟುತ್ತೀರಿ ಅಂದರೆ ಟೊಪ್ಪಿ ತಿರುಗಿಸತೊಡಗಿದರು. ಸೆತ್‌ನ ಮನಸ್ಸಿನಲ್ಲಿ ಪಾದ್ರಿಯೇ ಇದ್ದಾರೆ. ಅದನ್ನು ಅವರಿಗೆ ನಾವಿಬ್ಬರೂ ಹೇಳಿಲ್ಲ.

ನೀನು ಬರೆದು ಬಿಟ್ಟುಹೋದ ವಂಶವೃಕ್ಷವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಚೆನ್ನಾಗಿದೆ. ಎರಡು ಕಡೆ ತಿದ್ದು.

ಥಾಮಸ್, ಹುಟ್ಟಿದ ಸ್ಥಳ: ಹ್ಯಾಡನ್ ಅಂತ ಹಾಕಿದ್ದೀಯ. ಅದನ್ನು ಹೊಡೆದುಹಾಕು. ದಾರಿಯಲ್ಲಿ ಅಂತ ಬರೆ. ತಾಯಿಯನ್ನು ಹೊತ್ತು ಹಾಕಿದರು ಅಂತಲೂ ಬರೆ. ಬಾಣಲೆ ತಿಕ್ಕಿ ಮುಚ್ಚಿದ್ದು ಸಾಕು.

ನಿಮ್ಮಪ್ಪನ ಹೆಸರಿನ ಮುಂದೆ ತೀರಿಕೊಂಡ ಸ್ಥಳ ಪಿಲ್ಬರಿ ಅಂತ ಬರೆದಿದ್ದೀಯ. ಅದು ಸರಿ. ಅದರ ಪಕ್ಕ ಜಾಗ ಉಳಿದಿದೆ. ಅಲ್ಲಿ, ನಿನ್ನ ಕೈಬರಹದಲ್ಲೇ, ಸೇರಿಸು: ನಡೆದುಕೊಂಡು ಹೋದರು.

ಅಡುಗೆಮನೆಯಿಂದ,
ನಿನ್ನ ಡಾರ್ಕಸ್ ಅತ್ತೆ